ಸಿವಿಲೈಸೇಶನ್ 4: ಥಿಯಾಕ್ರಸಿಯ ಬೆಲೆ ಎಲ್ಲಿಂದ ಬರಬೇಕು?

ತುಂಗಾತೀರ:

ನಮ್ಮ ಗೆಳೆಯರ ಗುಂಪು ಇವತ್ತಿಗೂ ರಾಜ್ಯ ಕಟ್ಟಿ ಆಳುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 4 ಆಡುತ್ತದೆ, ಬಿಯಾಂಡ್ ದ ಸ್ವೋರ್ಡ್ ವಿಸ್ತರಣೆ ಸೇರಿಸಿಕೊಂಡು. ಮೂಲ ಆಟ 2005ರದ್ದು, ಈ ವಿಸ್ತರಣೆ 2007ರದ್ದು. ಧರ್ಮವನ್ನೂ ಆಡಳಿತವನ್ನೂ ಇಷ್ಟು ಸರಳವಾಗಿ ಹೆಣೆದ ಆಟ ಆಮೇಲೆ ಬಂದಿಲ್ಲ ಎಂದೇ ನನ್ನ ನಂಬಿಕೆ. ಅದಕ್ಕೇ ಇದರ ಒಂದು ಕೊರತೆಯನ್ನು ಸರಿಪಡಿಸಲು ಸಣ್ಣ ಮಾಡ್ (ಆಟದ ನಿಯಮಗಳ ಮಾರ್ಪಾಡು) ಬರೆಯುತ್ತಿದ್ದೇನೆ. ನಿಮ್ಮ ಸಲಹೆ ಬೇಕು.

ಆಡಿ ತುಂಬಾ ದಿನ ಆದವರಿಗೆ ಮೊದಲು ನೆನಪಿಸಿಬಿಡುತ್ತೇನೆ. ರಾಜ್ಯಕ್ಕೆ ಆರಿಸಿಕೊಳ್ಳುವ ಆಡಳಿತ ನೀತಿಯೇ ಸಿವಿಕ್. ಧರ್ಮದ ಸಿವಿಕ್‌ಗಳು ಐದು, ಶುರುವಿನ ಪೇಗನಿಸಂ ಬಿಟ್ಟರೆ ಉಳಿದ ನಾಲ್ಕು ಇವು. ಆರ್ಗನೈಸ್ಡ್ ರಿಲಿಜನ್‌ನಲ್ಲಿ ರಾಜ್ಯಧರ್ಮ ಇರುವ ಊರುಗಳಲ್ಲಿ ಕಟ್ಟಡಗಳು 25% ಬೇಗ ಏಳುತ್ತವೆ, ಮೊನಾಸ್ಟರಿ ಇಲ್ಲದೆಯೂ ಮಿಷನರಿ ತಯಾರಿಸಬಹುದು. ಆದರೆ ಖರ್ಚು ಜಾಸ್ತಿ. ಥಿಯಾಕ್ರಸಿಯಲ್ಲಿ, ಅಂದರೆ ಧರ್ಮದ ಹೆಸರಿನ ಆಡಳಿತದಲ್ಲಿ, ರಾಜ್ಯಧರ್ಮ ಇರುವ ಊರಿನ ಸೈನಿಕರಿಗೆ 2 ಅನುಭವದ ಅಂಕ, ಬೇರೆ ಧರ್ಮ ಹರಡುವುದಕ್ಕೆ ತಡೆ, ಖರ್ಚು ಮಧ್ಯಮ. ಪ್ಯಾಸಿಫಿಸಂನಲ್ಲಿ ಮಹಾಪುರುಷರು ಹುಟ್ಟುವ ವೇಗ ಎರಡರಷ್ಟು, ಆದರೆ ಪ್ರತಿ ಸೈನಿಕ ತುಕಡಿಗೆ ಒಂದು ಚಿನ್ನ ಹೆಚ್ಚು. ಫ್ರೀ ರಿಲಿಜನ್‌ನಲ್ಲಿ ರಾಜ್ಯಧರ್ಮವೇ ಇಲ್ಲ. ಊರಲ್ಲಿ ಎಷ್ಟು ಧರ್ಮಗಳಿವೆಯೋ ಅಷ್ಟು ಸಂತೋಷ, ಜೊತೆಗೆ ಸಂಶೋಧನೆ 10% ಹೆಚ್ಚು.

ಈಗ ಥಿಯಾಕ್ರಸಿ ನೋಡಿ. ನನ್ನ ರಾಜ್ಯದಲ್ಲಿ ಒಂದೇ ಧರ್ಮದವರು ಇದ್ದರೂ, ನಾಲ್ಕು ಧರ್ಮದವರು ಕೂಡಿ ಬಾಳುತ್ತಿದ್ದರೂ ಖಜಾನೆಯಿಂದ ಹೋಗುವ ಹಣದಲ್ಲಿ ವ್ಯತ್ಯಾಸವೇ ಇಲ್ಲ. ಜನರಲ್ಲಿ ಅಸಮಾಧಾನವೂ ಇಲ್ಲ. ಧರ್ಮದ ಹೆಸರಲ್ಲಿ ಆಳುವ ರಾಜ್ಯಕ್ಕೆ ಬೆಲೆ ಬರಬೇಕಾದದ್ದು ಅಲ್ಲಿ ಬದುಕುವ ಜನರಿಂದ ಅಲ್ವಾ? ಖರ್ಚನ್ನು ಮಧ್ಯಮದಿಂದ ಜಾಸ್ತಿಗೆ ಏರಿಸಿದರೆ ಅದು ಸುಮ್ನೆ ಅಂಕಿ ಬದಲಾಯಿಸಿದ ಹಾಗೆ. ನನಗೆ ಅದು ಬೇಡ. ಮಿಶ್ರ ಜನರಿರುವ ರಾಜ್ಯಕ್ಕೆ ಥಿಯಾಕ್ರಸಿ ದುಬಾರಿಯಾಗಬೇಕು, ಏಕಧರ್ಮದ ರಾಜ್ಯಕ್ಕೆ ಅಗ್ಗವಾಗಬೇಕು. ಹೇಗೆ ಮಾಡೋಣ?

ಕುದುರೆಲಾಯ:

ನೀವು ಥಿಯಾಕ್ರಸಿಯನ್ನು ಕೆಳಗಿಳಿಸುವ ಮುಂಚೆ ಅದರ ಲೆಕ್ಕ ನೋಡಿ. ಈ ಆಟದಲ್ಲಿ ಬಡ್ತಿಗೆ ಬೇಕಾದ ಅನುಭವ 2, 5, 10, 17 ಹೀಗೆ ಏರುತ್ತದೆ. ಸೈನಿಕರ ಬ್ಯಾರಕ್ ಕಟ್ಟಡ ಕೊಡುವುದು 3. ಅಂದರೆ ಒಂದು ಬಡ್ತಿ ಸಿಕ್ಕಿ 1 ಅಂಕ ಉಳಿಯುತ್ತದೆ. ಥಿಯಾಕ್ರಸಿ ಸೇರಿಸಿದರೆ 5, ಸರಿಯಾಗಿ ಎರಡು ಬಡ್ತಿ. ಇದೇ ಅದರ ನಿಜವಾದ ಶಕ್ತಿ.

ಆದರೆ ಬೇರೆ ವಿಭಾಗದ ಸಿವಿಕ್ ಆದ ವ್ಯಾಸಲೇಜ್ ಕೂಡ 2 ಅಂಕ ಕೊಡುತ್ತದೆ. ಎರಡನ್ನೂ ಹಾಕಿಕೊಂಡರೆ 7, ಮೂರನೇ ಬಡ್ತಿಗೆ ಇನ್ನೂ 3 ಕಡಿಮೆ. ಕುದುರೆ ಸವಾರರಿಗೆ ಸ್ಟೇಬಲ್‌ನಿಂದ ಮತ್ತೆ 2 ಬಂದರೂ 9ಕ್ಕೆ ನಿಲ್ಲುತ್ತದೆ. ಕ್ಯಾರಿಸ್ಮ್ಯಾಟಿಕ್ ಎಂಬ ಗುಣ ಇರುವ ನಾಯಕನಿಗೆ ಬಡ್ತಿಯ ಮಿತಿ 25% ಕಡಿಮೆ ಇರುವುದರಿಂದ ಅವನಿಗೆ 8 ಸಾಕು, ಮೂರು ಬಡ್ತಿ ಪಡೆದ ಕುದುರೆಪಡೆ ನೇರವಾಗಿ ಹೊರಡುತ್ತದೆ. ಉಳಿದವರು ಒಬ್ಬ ಮಹಾಸೇನಾನಿಯನ್ನು ಆ ಊರಲ್ಲಿ ನೆಲೆಗೊಳಿಸಬೇಕು.

ಅಂದರೆ ಥಿಯಾಕ್ರಸಿ ಎಲ್ಲರಿಗೂ ಒಂದೇ ಥರ ಲಾಭ ಕೊಡುವುದಿಲ್ಲ. ಯುದ್ಧ ಇಲ್ಲದಾಗ ಪೂರ್ತಿ ದಂಡ. ಆರ್ಗನೈಸ್ಡ್ ರಿಲಿಜನ್ ಮಾತ್ರ ಎಲ್ಲರೂ ಎಲ್ಲ ಕಾಲಕ್ಕೂ ಹಿಡಿದುಕೊಳ್ಳುವ ಸಿವಿಕ್. 25% ಅಂದರೆ ಪ್ರತಿ ಊರಿಗೂ ಒಂದೊಂದು ಫೋರ್ಜ್ (ಉತ್ಪಾದನೆ ಹೆಚ್ಚಿಸುವ ಕುಲುಮೆ) ಪುಕ್ಕಟೆ ಕೊಟ್ಟಂತೆ. ಸರಿದೂಗಿಸಬೇಕಾದದ್ದು ಅದನ್ನು.

ಹತ್ತಿಬಿತ್ತನೆ:

ಕುದುರೆಲಾಯ ಹೇಳಿದ್ದು ಸರಿ. ಆಟದ ಮಧ್ಯಕಾಲದಲ್ಲಿ ನಾನು ಆರ್ಗನೈಸ್ಡ್ ರಿಲಿಜನ್ ಬಿಟ್ಟು ಬೇರೆ ಕಡೆ ನೋಡುವುದೇ ಇಲ್ಲ. ಲಿಬರಲಿಸಂ ಎಂಬ ತಂತ್ರಜ್ಞಾನ ಸಿಕ್ಕ ಮೇಲೆ ಫ್ರೀ ರಿಲಿಜನ್. ಇನ್ನುಳಿದವು ಹೆಸರಿಗೆ ಮಾತ್ರ ಇವೆ.

ತುಂಗಾತೀರ:

ಇಬ್ಬರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆ ಯಾವುದು ಬಲವಾಗಿದೆ, ಯಾವುದು ದುರ್ಬಲವಾಗಿದೆ ಎಂಬುದಲ್ಲ. ಆರ್ಗನೈಸ್ಡ್ ರಿಲಿಜನ್‌ನ ಲಾಭ ಸಿಗಬೇಕಾದರೆ ಪ್ರತಿ ಊರಿಗೂ ರಾಜ್ಯಧರ್ಮ ಹರಡಬೇಕು. ಒಬ್ಬ ಮಿಷನರಿಗೆ ಸಾಮಾನ್ಯ ವೇಗದಲ್ಲಿ 40 ಹ್ಯಾಮರ್ (ಉತ್ಪಾದನೆಯ ಅಂಕ). ಅಂದರೆ ಆ ಸಿವಿಕ್‌ನಲ್ಲಿ ಜನರ ನಂಬಿಕೆಗೂ ಲಾಭಕ್ಕೂ ಸ್ವಲ್ಪವಾದರೂ ಸಂಬಂಧ ಇದೆ. ಥಿಯಾಕ್ರಸಿಯಲ್ಲಿ ಸೈನ್ಯ ಕಟ್ಟುವ ಎರಡು ಮೂರು ಊರಿಗೆ ಧರ್ಮ ಮುಟ್ಟಿಸಿದರೆ ಮುಗಿಯಿತು. ಬಾಕಿ ಊರುಗಳ ಜನ ಏನು ನಂಬಿದರೂ ಆಟಕ್ಕೆ ಲೆಕ್ಕವಿಲ್ಲ.

ಕಲ್ಬರಹ:

ಈ ವಿಷಯದಲ್ಲಿ ನಮ್ಮ ನೆಲದ ಒಂದು ದಾಖಲೆ ನಿಮ್ಮ ಮಾಡ್‌ಗೆ ನೇರವಾಗಿ ಉಪಯೋಗವಾಗುತ್ತದೆ. ಶ್ರವಣಬೆಳಗೊಳದ 1368ರ ಶಾಸನ, ಒಂದನೇ ಬುಕ್ಕರಾಯನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು. ಜೈನರು ರಾಜನ ಬಳಿ ದೂರು ಕೊಟ್ಟರು. ರಾಜ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಕಡೆಯ ಆಚಾರ್ಯರನ್ನೂ ಪ್ರಮುಖರನ್ನೂ ಸೇರಿಸಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಉಳಿಯಿತು.

ಆಟಕ್ಕೆ ಮುಖ್ಯವಾದದ್ದು ಇದರ ಮುಂದಿನ ಭಾಗ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ಎತ್ತಬೇಕು. ಎತ್ತುವವರು ತಿರುಮಲೆಯ ತಾತಯ್ಯ, ಅಂದರೆ ಎದುರು ಪಕ್ಷದವರೇ. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ನೋಡಿ, ಇಲ್ಲಿ ರಾಜನಿಗೆ ತನ್ನ ಧರ್ಮ ಇದೆ. ವಿರೂಪಾಕ್ಷನ ಹೆಸರಲ್ಲೇ ಆಳುವ ಮನೆತನ ಅದು. ಆದರೂ ಬೇರೆ ಧರ್ಮದವರನ್ನು ಉಳಿಸಿಕೊಳ್ಳುವುದಕ್ಕೆ ಒಂದು ಏರ್ಪಾಡು ಇದೆ, ಆ ಏರ್ಪಾಡಿಗೆ ಮನೆಗಿಷ್ಟು ಎಂಬ ಖರ್ಚೂ ಇದೆ. ನಿಮ್ಮ ಆಟದಲ್ಲಿ ಈ ಸ್ಥಿತಿಗೆ ಸಿವಿಕ್ಕೇ ಇಲ್ಲ. ರಾಜ್ಯಧರ್ಮ ಬೇಕಾದರೆ ಉಳಿದವರಿಂದ ಲಾಭ ಸಿಗಲ್ಲ. ಉಳಿದವರಿಂದ ಲಾಭ ಬೇಕಾದರೆ ರಾಜ್ಯಧರ್ಮ ಬಿಡಬೇಕು, ಅದೂ ಲಿಬರಲಿಸಂ ಬರುವ ತನಕ ಕಾಯಬೇಕು. 1368ರಲ್ಲಿ ವಿಜಯನಗರ ಯಾವ ಲಿಬರಲಿಸಂಗೂ ಕಾದಿರಲಿಲ್ಲ.

ಹತ್ತಿಬಿತ್ತನೆ:

ಇದು ಓದಿ ಮೈ ಜುಂ ಎಂದಿತು. ಮನೆಗೊಂದು ಹಣ, ಇಪ್ಪತ್ತು ಕಾವಲು! ಶಾಸನವೇ ಸಿವಿಕ್‌ನ ವಿವರಣೆ ಬರೆದುಕೊಟ್ಟ ಹಾಗಿದೆ.

ಬಂಡೆಗಲ್ಲು:

ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಧರ್ಮದ ಹುಮ್ಮಸ್ಸಿನಿಂದ ಸೈನ್ಯ ಗಟ್ಟಿಯಾಗುತ್ತದೆ ಎಂಬುದೇ ಥಿಯಾಕ್ರಸಿಯ ಮೂಲ ಕಲ್ಪನೆ, ಇತಿಹಾಸದಲ್ಲಿ ಅದಕ್ಕೆ ಆಧಾರ ಇದೆ. ಜಪಾನಿನ ಕಾಗಾ ಪ್ರಾಂತ್ಯವನ್ನು 1488ರಲ್ಲಿ ಇಕ್ಕೊ-ಇಕ್ಕಿಗಳು ಹಿಡಿದರು. ಹೊಂಗಾಂಜಿ ಬೌದ್ಧ ಪಂಥದ ರೈತರು, ಭಿಕ್ಷುಗಳು, ಸಣ್ಣಪುಟ್ಟ ಸರದಾರರು ಸೇರಿ ಸುಮಾರು ನೂರು ವರ್ಷ ಆ ಪ್ರಾಂತ್ಯವನ್ನು ಉಳಿಸಿಕೊಂಡರು. ಪರ್ಷಿಯಾದಲ್ಲಿ ಶಾ ಇಸ್ಮಾಯಿಲ್ 1501ರಲ್ಲಿ ತಬ್ರೀಜ್ ಹಿಡಿದದ್ದು ಕಿಜಿಲ್‌ಬಾಶ್ ಭಕ್ತರ ಬಲದಿಂದ. ಅವನನ್ನು ಅವರು ಬರೀ ರಾಜ ಎಂದು ನೋಡಲಿಲ್ಲ, ಗುರು ಎಂದು ನಂಬಿದರು. ಆ ನಂಬಿಕೆ ಇಲ್ಲದಿದ್ದರೆ ಸಫಾವಿ ರಾಜ್ಯವೇ ಹುಟ್ಟುತ್ತಿರಲಿಲ್ಲ.

ನೀವು ಮಿಶ್ರ ಜನರ ಮೇಲೆ ದಂಡ ಹಾಕಿದರೆ ಥಿಯಾಕ್ರಸಿ ಎಂಬ ಸಿವಿಕ್ಕನ್ನು ಯಾರೂ ಮುಟ್ಟುವುದಿಲ್ಲ. ಆಟದಲ್ಲಿ ಆಯ್ಕೆಗಳು ಕಡಿಮೆಯಾದರೆ ಅದು ಸರಿದೂಗಿಸಿದ ಹಾಗೆ ಆಗಲ್ಲ.

ಕುದುರೆಲಾಯ:

ಇಸ್ಮಾಯಿಲ್ ಕಥೆಯನ್ನು ಪೂರ್ತಿ ಹೇಳಬೇಕು ಬಂಡೆಗಲ್ಲು. 1514ರಲ್ಲಿ ಚಾಲ್ದಿರಾನ್‌ನಲ್ಲಿ ಅದೇ ಕಿಜಿಲ್‌ಬಾಶ್ ಕುದುರೆಪಡೆ ಆಟೊಮನ್ ತೋಪು, ಕೋವಿಗಳ ಮುಂದೆ ಸೋತಿತು. ಆಟದಲ್ಲೂ ಹಾಗೇ ಇದೆ. ಎರಡು ಬಡ್ತಿಯ ನೈಟ್‌ಗಳು ಕೋವಿ ಹಿಡಿದ ಮಸ್ಕೆಟ್‌ಮನ್ ಬರುವ ತನಕ ರಾಜರು. ಆಮೇಲೆ ತಂತ್ರಜ್ಞಾನದ್ದೇ ಮಾತು. ಥಿಯಾಕ್ರಸಿ ಥಿಯಾಲಜಿ ಎಂಬ ತಂತ್ರಜ್ಞಾನದಿಂದ ಗನ್‌ಪೌಡರ್‌ವರೆಗಿನ ಕಿಟಕಿಯ ಸಿವಿಕ್. ಆ ಕಿಟಕಿಯಲ್ಲಿ ಅದು ಹರಿತವಾಗಿರಲಿ ಬಿಡಿ.

ತುಂಗಾತೀರ:

ಬಂಡೆಗಲ್ಲು, ನಿಮ್ಮ ಉದಾಹರಣೆಗಳು ನನ್ನ ಮಾತಿಗೇ ಬಲ ಕೊಡುತ್ತವೆ. ಕಾಗಾದಲ್ಲಿ ಹೋರಾಡಿದವರು ಒಂದೇ ಪಂಥದವರು. ಕಿಜಿಲ್‌ಬಾಶ್‌ಗಳೂ ಹಾಗೇ. ಒಂದೇ ನಂಬಿಕೆಯ ಜನ ಒಟ್ಟಾದಾಗ ಹುಮ್ಮಸ್ಸು ಬಲವಾಗುತ್ತದೆ. ಅಂಥ ರಾಜ್ಯಕ್ಕೆ ನನ್ನ ಮಾಡ್‌ನಲ್ಲಿ ದಂಡವೇ ಬೀಳುವುದಿಲ್ಲ. ಅವರಿಗೆ ಥಿಯಾಕ್ರಸಿ ಈಗಿಗಿಂತ ಅಗ್ಗ ಮಾಡಲೂ ನಾನು ತಯಾರು.

ಆದರೆ ಮಿಶ್ರ ನಾಡಿನಲ್ಲಿ ಸೈನ್ಯ ಹೇಗೆ ಗಟ್ಟಿಯಾಯಿತು? ಎರಡನೇ ದೇವರಾಯನನ್ನು ನೋಡಿ, ಆಳಿದ್ದು 1424ರಿಂದ 1446. ಬಹಮನಿಗಳ ಬಿಲ್ಲುಗಾರರು, ಕುದುರೆಪಡೆ ವಿಜಯನಗರಕ್ಕೆ ಮತ್ತೆ ಮತ್ತೆ ಪೆಟ್ಟು ಕೊಡುತ್ತಿದ್ದವು. ಅವನು ಮುಸ್ಲಿಂ ಬಿಲ್ಲುಗಾರರನ್ನೇ ತನ್ನ ಸೈನ್ಯಕ್ಕೆ ಸೇರಿಸಿಕೊಂಡ, ಜಹಗೀರು ಕೊಟ್ಟ, ಮಸೀದಿಗೆ ಜಾಗ ಮಾಡಿಕೊಟ್ಟ. ಅವರು ನಮಸ್ಕರಿಸಲಿ ಎಂದು ಸಿಂಹಾಸನದ ಮುಂದೆ ಕುರಾನ್ ಇಡಿಸಿದ ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅವನ ಕಾಲದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಕಟ್ಟಡ ಹಂಪಿಯಲ್ಲಿ ಇನ್ನೂ ನಿಂತಿದೆ, ಶಾಸನದ ಸಮೇತ.

ಈಗ ಇದನ್ನು ಆಟದಲ್ಲಿ ಆಡಲು ಹೋಗಿ. ಥಿಯಾಕ್ರಸಿಯ 2 ಅಂಕ ಸಿಗುವುದು ರಾಜ್ಯಧರ್ಮ ಇರುವ ಊರಿಗೆ ಮಾತ್ರ. ದೇವರಾಯ ಸೈನ್ಯ ಬಲಪಡಿಸಿದ ದಾರಿ ಈ ಆಟದಲ್ಲಿ ಮುಚ್ಚಿಹೋಗಿದೆ. ನನಗೆ ನೋವಾಗುವುದು ಅಲ್ಲೇ. ನಮ್ಮ ರಾಜ್ಯ ಎರಡು ಶತಮಾನ ನಡೆಸಿದ ಆಡಳಿತವನ್ನು ಇಷ್ಟು ಒಳ್ಳೆಯ ಆಟದಲ್ಲಿ ಆಡಿ ತೋರಿಸುವುದಕ್ಕೆ ಆಗುವುದಿಲ್ಲ.

ಕಲ್ಬರಹ:

ಬಿಜಾಪುರವನ್ನೂ ಇಲ್ಲಿ ಸೇರಿಸಬೇಕು. ಯೂಸುಫ್ ಆದಿಲ್ ಶಾ ಹದಿನಾರನೇ ಶತಮಾನದ ಮೊದಲ ವರ್ಷಗಳಲ್ಲೇ ಶಿಯಾ ಪಂಥವನ್ನು ರಾಜ್ಯದ ಪಂಥ ಎಂದು ಸಾರಿದ. ಒಂದನೇ ಇಬ್ರಾಹಿಂ 1534ರಲ್ಲಿ ಪಟ್ಟಕ್ಕೆ ಬಂದು ಸುನ್ನಿ ಪಂಥಕ್ಕೆ ತಿರುಗಿಸಿದ. 1558ರಲ್ಲಿ ಬಂದ ಒಂದನೇ ಅಲಿ ಮತ್ತೆ ಶಿಯಾ ಮಾಡಿದ. ಎರಡನೇ ಇಬ್ರಾಹಿಂ ಕಾಲದಲ್ಲಿ ಮತ್ತೆ ಸುನ್ನಿ. ಪ್ರತಿ ಸಲವೂ ದರ್ಬಾರಿನ ಒಂದು ಗುಂಪು ಮೇಲೆ ಬಂತು, ಇನ್ನೊಂದು ಕೆಳಗೆ ಬಿತ್ತು. ಒಂದನೇ ಇಬ್ರಾಹಿಂ ಪರದೇಶಿ ಸರದಾರರಲ್ಲಿ ಹೆಚ್ಚಿನವರನ್ನು ಕೆಲಸದಿಂದ ತೆಗೆದ. ಅವರಲ್ಲಿ ಹಲವರು ಹೋಗಿ ಸೇರಿದ್ದು ವಿಜಯನಗರದ ರಾಮರಾಯನ ಬಳಿ.

ಆಟದಲ್ಲಿ ಧರ್ಮ ಬದಲಿಸಿದರೆ ಒಂದೆರಡು ಟರ್ನ್ (ಆಟದ ಸರದಿ) ಅನಾರ್ಕಿ, ಅಂದರೆ ಅರಾಜಕತೆ, ಆಮೇಲೆ ಏನೂ ಆಗದ ಹಾಗೆ ಎಲ್ಲ ನಡೆಯುತ್ತದೆ. ನುರಿತ ಜನ ಪಕ್ಕದ ರಾಜ್ಯಕ್ಕೆ ಹೋಗುವುದೇ ಇಲ್ಲ.

ಮಲೆನಾಡುಮಳೆ:

ನುರಿತ ಜನ ಹೀಗೆ ಬೇರೆ ರಾಜ್ಯಕ್ಕೆ ಹೋದದ್ದು ಯುರೋಪಿನಲ್ಲೂ ನಡೆದಿದೆ. ಫ್ರಾನ್ಸಿನ ನಾಲ್ಕನೇ ಹೆನ್ರಿ 1598ರಲ್ಲಿ ನಾಂಟ್ ಶಾಸನದಿಂದ ಪ್ರಾಟೆಸ್ಟೆಂಟರಿಗೆ ಜಾಗ ಕೊಟ್ಟ. ಹದಿನಾಲ್ಕನೇ ಲೂಯಿ 1685ರಲ್ಲಿ ಅದನ್ನು ರದ್ದು ಮಾಡಿದ. ಅದೇ ವರ್ಷ ಬ್ರಾಂಡೆನ್‌ಬರ್ಗ್‌ನ ದೊರೆ ಪಾಟ್ಸ್‌ಡ್ಯಾಮ್ ಶಾಸನ ಹೊರಡಿಸಿ, ಬನ್ನಿ, ಇಲ್ಲಿ ನೆಲೆಸಿ ಎಂದು ಕರೆದ. ನೇಕಾರರು, ಗಡಿಯಾರ ಮಾಡುವವರು, ವ್ಯಾಪಾರಿಗಳು, ಸೈನ್ಯಾಧಿಕಾರಿಗಳು ಎಲ್ಲ ಗಡಿ ದಾಟಿದರು.

ನಾನು ಮಾಡ್‌ಗಳನ್ನು ಬರೆದು ಅಭ್ಯಾಸ ಇರುವವಳು, ಹಾಗಾಗಿ ತಾಂತ್ರಿಕವಾಗಿ ಏನು ಸಾಧ್ಯ ಎಂದು ಹೇಳುತ್ತೇನೆ. ಸಿವಿಕ್‌ಗಳ ಅಂಕಿಗಳನ್ನು ಬರೆದಿಟ್ಟಿರುವ ಎಕ್ಸ್‌ಎಂಎಲ್ ಫೈಲಿನಲ್ಲಿ ರಾಜ್ಯಧರ್ಮವಲ್ಲದ ಧರ್ಮಗಳಿಂದ ಬರುವ ಸಂತೋಷಕ್ಕೆ ಒಂದು ಅಂಕಿ ಇದೆ. ಫ್ರೀ ರಿಲಿಜನ್‌ಗೆ ಅದು 1. ಥಿಯಾಕ್ರಸಿಗೆ ಅದನ್ನು ಮೈನಸ್ 1 ಮಾಡಿ ಸಾಕು. ಊರಲ್ಲಿರುವ ಪ್ರತಿ ಅನ್ಯಧರ್ಮಕ್ಕೂ ಒಂದು ಅಸಮಾಧಾನ ಹುಟ್ಟುತ್ತದೆ. ಏಕಧರ್ಮದ ಊರಿಗೆ ಏನೂ ಆಗಲ್ಲ. ತುಂಗಾತೀರ ಕೇಳಿದ್ದು ಇದೇ ತಾನೇ?

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಕಂಪ್ಯೂಟರ್ ಆಟಗಾರರು ಸಿವಿಕ್ ಆರಿಸುವಾಗ ಈ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮಿಶ್ರ ಜನರಿದ್ದರೆ ಅವರೇ ಥಿಯಾಕ್ರಸಿಯಿಂದ ದೂರ ಸರಿಯುತ್ತಾರೆ.

ಕಲ್ಬರಹ ಹೇಳಿದ ಬುಕ್ಕರಾಯನ ಏರ್ಪಾಡನ್ನೂ ಆರನೇ ಸಿವಿಕ್ ಮಾಡಬಹುದು. ರಾಜ್ಯಧರ್ಮ ಇರುತ್ತದೆ, ಅನ್ಯಧರ್ಮಗಳಿಂದಲೂ ಸಂತೋಷ 1 ಬರುತ್ತದೆ. ಕಟ್ಟಡದ ವೇಗವೂ ಇಲ್ಲ, ಅನುಭವದ ಅಂಕವೂ ಇಲ್ಲ. ಊರಿಗಿಷ್ಟು ಚಿನ್ನ ಎಂಬ ಖರ್ಚು ಎಕ್ಸ್‌ಎಂಎಲ್‌ನಲ್ಲಿ ಆಗುವುದಿಲ್ಲ. ಪೈಥಾನ್ ಭಾಷೆಯಲ್ಲಿ ಕೋಡ್ ಬರೆದು, ಟರ್ನ್ ಶುರುವಾಗುವಾಗ ಅನ್ಯಧರ್ಮ ಇರುವ ಊರುಗಳನ್ನು ಎಣಿಸಿ ಖಜಾನೆಯಿಂದ ಕಳೆಯಬೇಕು. ಆದರೆ ಈ ಖರ್ಚು ಕಂಪ್ಯೂಟರ್ ಆಟಗಾರರಿಗೆ ಮುಂಚೆ ಕಾಣಿಸಲ್ಲ. ಅವರು ಆರಿಸಿಕೊಂಡು ಆಮೇಲೆ ದಿವಾಳಿ ಆಗಬಹುದು. ಅದಕ್ಕೆ ಊರಿಗೆ ಒಂದು ಚಿನ್ನಕ್ಕಿಂತ ಹೆಚ್ಚು ಬೇಡ.

ತುಂಗಾತೀರ:

ಮಲೆನಾಡುಮಳೆ ಮೇಡಂ, ಇದಕ್ಕಿಂತ ಒಳ್ಳೆಯ ಉತ್ತರ ನಾನು ನಿರೀಕ್ಷಿಸಿರಲಿಲ್ಲ. ಆರನೇ ಸಿವಿಕ್‌ಗೆ 'ಒಡಂಬಡಿಕೆ' ಎಂದು ಹೆಸರಿಡುತ್ತೇನೆ. ಕೋಡ್ ಆಫ್ ಲಾಸ್ ಸಿಕ್ಕಾಗ ತೆರೆಯಲಿ. ನ್ಯಾಯ ತೀರ್ಮಾನ ಮಾಡಿ ಕಲ್ಲಿನಲ್ಲಿ ಬರೆಸುವ ರಾಜ್ಯಕ್ಕೆ ಅದೇ ಸರಿಯಾದ ತಂತ್ರಜ್ಞಾನ.

ಬಂಡೆಗಲ್ಲು:

ಮೈನಸ್ 1 ಯೋಜನೆಗೆ ನನ್ನ ಒಪ್ಪಿಗೆ ಇದೆ. ಕಾಗಾ ಥರದ ರಾಜ್ಯಕ್ಕೆ ಪೆಟ್ಟು ಬೀಳುವುದಿಲ್ಲ ಎಂಬುದು ನನಗೆ ಸಾಕು. ಒಡಂಬಡಿಕೆ ಬಗ್ಗೆ ಮಾತ್ರ ಎಚ್ಚರ. ಶ್ರೈನ್ (ಧರ್ಮದ ಪವಿತ್ರ ಊರಿನ ವಿಶೇಷ ಕಟ್ಟಡ) ಇರುವವನು ಅದನ್ನು ಹಿಡಿದರೆ ತಡೆಯುವವರು ಯಾರು? ಶ್ರೈನ್‌ಗೆ ಆ ಧರ್ಮ ಇರುವ ಪ್ರತಿ ಊರಿನಿಂದಲೂ ಒಂದು ಚಿನ್ನ ಬರುತ್ತದೆ. ಆ ಊರಲ್ಲಿ ಮಾರ್ಕೆಟ್, ಗ್ರೋಸರ್, ಬ್ಯಾಂಕ್ ಕಟ್ಟಿದರೆ ಬಂದದ್ದು ದುಪ್ಪಟ್ಟು. ಒಂದೊಂದು ಊರಿಗೆ ಒಂದು ಚಿನ್ನ ಕಟ್ಟುವುದು ಅವನಿಗೆ ಲೆಕ್ಕಕ್ಕೇ ಇಲ್ಲ. ಎರಡು ಶ್ರೈನ್ ಇದ್ದವನು ಕೂತಲ್ಲೇ ಗೆಲ್ಲುತ್ತಾನೆ.

ಕುದುರೆಲಾಯ:

ಅದಕ್ಕೆ ಒಡಂಬಡಿಕೆಯ ಮೂಲ ಖರ್ಚನ್ನು ಜಾಸ್ತಿ ದರ್ಜೆಗೆ ಹಾಕಿ. ಆರ್ಗನೈಸ್ಡ್ ರಿಲಿಜನ್‌ನಷ್ಟೇ ಇರಲಿ. ಅಲ್ಲಿ 25% ಕಟ್ಟಡದ ವೇಗ, ಇಲ್ಲಿ ಸಂತೋಷ. ಸಂತೋಷ ಜಾಸ್ತಿಯಾದರೆ ಊರು ದೊಡ್ಡದಾಗುತ್ತದೆ, ಊರು ದೊಡ್ಡದಾದರೆ ಆರೋಗ್ಯದ ಮಿತಿ ಅಡ್ಡ ಬರುತ್ತದೆ. ತಾನಾಗೇ ಕಡಿವಾಣ ಬೀಳುತ್ತದೆ.

ನನಗೆ ಚಿಂತೆ ಇರುವುದು ಸ್ಪಿರಿಚುಯಲ್ ಎಂಬ ಗುಣ ಇರುವ ನಾಯಕರದ್ದು. ಮಾನ್ಸಾ ಮೂಸಾ, ಇಸಾಬೆಲ್ಲಾ, ಅಶೋಕ, ಗಾಂಧಿ, ಇವರಿಗೆಲ್ಲ ಅನಾರ್ಕಿ ಇಲ್ಲ. ಐದು ಟರ್ನ್ ಥಿಯಾಕ್ರಸಿ ಹಾಕಿಕೊಂಡು ಸೈನ್ಯ ತಯಾರಿಸಿ, ಅಸಮಾಧಾನ ಊರನ್ನು ಕುಗ್ಗಿಸುವ ಮುಂಚೆ ಒಡಂಬಡಿಕೆಗೆ ಜಿಗಿಯುತ್ತಾರೆ. ಸುವರ್ಣಯುಗದಲ್ಲಿ ಎಲ್ಲರಿಗೂ ಇದೇ ಅವಕಾಶ. ಮನುಷ್ಯ ಆಟಗಾರರು ಖಂಡಿತ ಹೀಗೆ ಮಾಡುತ್ತಾರೆ, ನಮ್ಮ ಗುಂಪಿನವರು ಮೊದಲ ದಿನವೇ ಮಾಡುತ್ತಾರೆ.

ಕಲ್ಬರಹ:

ಬಿಜಾಪುರದ ಕಥೆಯೇ ಇದು. ಪಂಥ ತಿರುಗಿಸಿದಾಗ ಸರದಾರರು ಪಕ್ಕದ ರಾಜ್ಯಕ್ಕೆ ಹೋದರು.

ಮಲೆನಾಡುಮಳೆ:

ಅದನ್ನೇ ಹಾಕೋಣ. ಥಿಯಾಕ್ರಸಿಗೆ ಬಂದ ಟರ್ನ್‌ನಲ್ಲೇ ಅನ್ಯಧರ್ಮ ಇರುವ ಒಂದು ಊರಿನಿಂದ ಒಂದು ಜನಸಂಖ್ಯೆ ಕಳೆಯಲಿ. ಅದು ನಕ್ಷೆಯಲ್ಲಿ ಫ್ರೀ ರಿಲಿಜನ್ ಅಥವಾ ಒಡಂಬಡಿಕೆ ಇರುವ ಬೇರೆ ರಾಜ್ಯದ ಊರಿಗೆ ಸೇರಲಿ. ಅಂಥ ರಾಜ್ಯ ಯಾವುದೂ ಇಲ್ಲದಿದ್ದರೆ ಯಾರೂ ಎಲ್ಲಿಗೂ ಹೋಗುವುದು ಬೇಡ, ಹೋಗಲು ಜಾಗ ಬೇಕಲ್ಲ. ಪೈಥಾನ್‌ನಲ್ಲಿ ದೊಡ್ಡ ಕೆಲಸವೇನಲ್ಲ. ಸ್ಪಿರಿಚುಯಲ್ ನಾಯಕ ಎಷ್ಟು ಸಲ ಜಿಗಿದರೆ ಅಷ್ಟು ಸಲ ಜನ ಹೋಗುತ್ತಾರೆ, ಅವನು ವಾಪಸ್ ಬಂದರೂ ಅವರು ಬರುವುದಿಲ್ಲ.

ಹತ್ತಿಬಿತ್ತನೆ:

ಹಾಗಾದರೆ ಪಕ್ಕದವನು ಥಿಯಾಕ್ರಸಿಗೆ ಹೋಗುವ ಸೂಚನೆ ಕಂಡರೆ ನಾನು ಒಡಂಬಡಿಕೆ ಹಾಕಿಕೊಂಡು ಕಾಯಬಹುದು! ಬ್ರಾಂಡೆನ್‌ಬರ್ಗ್ ಮಾಡಿದ್ದು ಇದೇ. ಆಟದಲ್ಲಿ ನಾನು ಇಷ್ಟು ದಿನ ಬೇರೆಯವರ ಸಿವಿಕ್ ಕಡೆ ನೋಡಿದ್ದೇ ಇಲ್ಲ.

ಬಂಡೆಗಲ್ಲು:

ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಆದರೆ ರಾಜಧಾನಿಯಿಂದ ಜನ ಹೋಗಬಾರದು. ಶುರುವಿನಲ್ಲೇ ರಾಜಧಾನಿ ಕುಗ್ಗಿದರೆ ಆಟವೇ ಮುಗಿದಂತೆ. ಮೂರಕ್ಕಿಂತ ಕಡಿಮೆ ಜನಸಂಖ್ಯೆಯ ಊರನ್ನೂ ಬಿಟ್ಟುಬಿಡಿ.

ತುಂಗಾತೀರ:

ಒಪ್ಪಿದೆ. ಹಾಗಾದರೆ ಮೊದಲ ಆವೃತ್ತಿಯಲ್ಲಿ ಥಿಯಾಕ್ರಸಿಗೆ ಪ್ರತಿ ಅನ್ಯಧರ್ಮಕ್ಕೆ ಮೈನಸ್ 1 ಇರುತ್ತದೆ, ಮೂಲ ಖರ್ಚು ಮಧ್ಯಮದಿಂದ ಕಡಿಮೆಗೆ ಇಳಿಯುತ್ತದೆ. ಒಡಂಬಡಿಕೆ ಜಾಸ್ತಿ ಖರ್ಚಿನದು, ಊರಿಗೊಂದು ಚಿನ್ನ. ಜನ ವಲಸೆ ಹೋಗುವ ನಿಯಮ ಬಂಡೆಗಲ್ಲು ಹೇಳಿದ ಎರಡು ಮಿತಿಗಳ ಜೊತೆ. ಪ್ಯಾಸಿಫಿಸಂ ಮುಟ್ಟುವುದಿಲ್ಲ, ಅದು ಈಗಿರುವ ಹಾಗೇ ಚೆನ್ನಾಗಿದೆ.

ಫ್ರೀ ರಿಲಿಜನ್ ಬಗ್ಗೆ ಒಂದು ಪ್ರಶ್ನೆ ಉಳಿದಿದೆ. ಒಡಂಬಡಿಕೆಯಲ್ಲೇ ಅನ್ಯಧರ್ಮದ ಸಂತೋಷ ಸಿಗುವುದಾದರೆ ಲಿಬರಲಿಸಂ ಬಂದ ಮೇಲೆ ರಾಜ್ಯಧರ್ಮ ಬಿಡಲು ಉಳಿಯುವ ಕಾರಣ ಆ 10% ಸಂಶೋಧನೆ, ಕಡಿಮೆ ಖರ್ಚು ಮತ್ತು ಬೇರೆ ಧರ್ಮದ ನೆರೆಯವರ ಸಿಟ್ಟು ತಪ್ಪುವುದು. ಇಷ್ಟು ಸಾಕೇ, ಅಥವಾ 15% ಮಾಡಬೇಕೇ?

ಮಲೆನಾಡುಮಳೆ:

10%ಕ್ಕೇ ಬಿಡಿ. ಮೊನಾಸ್ಟರಿಗಳು ಸೈಂಟಿಫಿಕ್ ಮೆಥಡ್ ಬಂದಾಗ ಕೆಲಸ ನಿಲ್ಲಿಸುತ್ತವೆ, ಆಗ ಎಲ್ಲರಿಗೂ ಸಂಶೋಧನೆಯ ಹಸಿವು ಹೆಚ್ಚುತ್ತದೆ. ಇಸಾಬೆಲ್ಲಾ ಪಕ್ಕದಲ್ಲಿದ್ದರೆ ಸಿಟ್ಟು ತಪ್ಪುವುದೊಂದೇ ಸಾಕು. ಫೈಲುಗಳನ್ನು ಕಳಿಸಿ, ಪೈಥಾನ್ ಭಾಗ ನಾನು ಬರೆದುಕೊಡುತ್ತೇನೆ. ಮೊದಲ ಪರೀಕ್ಷೆಗೆ ಎಲ್ಲರೂ ಒಂದೇ ಭೂಖಂಡದಲ್ಲಿರುವ ನಕ್ಷೆ ಆರಿಸಿ. ಧರ್ಮಗಳು ಬೇಗ ಬೆರೆಯುವುದು ಅಲ್ಲೇ.